ಎರಡು ಆ್ಯಪ್‌, ಒಂದು ನೋಟ್‌ಬುಕ್

ಒಂದು ತಿಂಗಳು ಬೆಳಿಗ್ಗೆ ಎದ್ದ ಕೂಡಲೇ ಎರಡು ಆ್ಯಪ್ ತೆರೆದೆ: ಒಂದು ರಾಶಿಫಲದ್ದು, ಇನ್ನೊಂದು ಹವಾಮಾನದ್ದು. ಎರಡರ ಮಾತನ್ನೂ ಬರೆದಿಟ್ಟು, ರಾತ್ರಿ ಪಕ್ಕದಲ್ಲಿ ಸರಿ ಅಥವಾ ತಪ್ಪು ಗುರುತು ಹಾಕಿದೆ.

ರಾಶಿಫಲದ ಆ್ಯಪ್ ನೋಡಲು ಚೆಂದ. ಗ್ರಹಗಳ ಸ್ಥಾನ ಖಗೋಳ ಗಣಿತದ ಲೆಕ್ಕ, ಅದರಲ್ಲಿ ತಕರಾರಿಲ್ಲ. ತಕರಾರು ಫಲದ್ದು. ‘ಹತ್ತಿರದವರಿಂದ ಕಸಿವಿಸಿ, ಸಂಜೆಗೆ ಸಮಾಧಾನ’ ಎಂದಿತ್ತು ಒಂಬತ್ತನೆಯ ದಿನ. ಹಾಗೆಯೇ ಆಯಿತು! ಕುತೂಹಲಕ್ಕೆ ಪಕ್ಕದ ರಾಶಿಯನ್ನು ಓದಿದೆ. ಅದೂ ನನಗೇ ಬರೆದಂತಿತ್ತು. ತಪ್ಪು ಗುರುತು ಹಾಕಲು ಜಾಗವೇ ಕೊಡದ ಮಾತು. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಒಂದೇ ವ್ಯಕ್ತಿತ್ವ ವರ್ಣನೆಯನ್ನು ‘ನಿಮ್ಮದು’ ಎಂದು ಹಂಚಿದಾಗ, ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟಿದ್ದರು. ನಾನು ನಲವತ್ತನೆಯವಳು.

ಹವಾಮಾನದ ಆ್ಯಪ್‌ಗೆ ಈ ಜಾಣತನವಿಲ್ಲ. ‘ಮಳೆ ಸಾಧ್ಯತೆ ಶೇ 70’ ಎಂದ ದಿನ ಒಂದು ಹನಿಯೂ ಬೀಳದೆ, ಕೊಡೆ ಹೊತ್ತು ತಿರುಗಿ ಬೈದುಕೊಂಡೆ. ಆದರೆ ಶೇ 70 ಎಂದ ಹತ್ತು ದಿನಗಳನ್ನು ಒಟ್ಟಿಗೆ ನೋಡಿದರೆ ಆರರಲ್ಲಿ ಮಳೆ ಬಂದಿತ್ತು. ಇಂಥ ಮುನ್ಸೂಚನೆಗಳನ್ನು ಅಳೆಯಲೆಂದೇ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಒಂದು ಸೂತ್ರ ಕೊಟ್ಟರು: ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಅದರಿಂದಲೇ ಗುಣಿಸಿ ತೆಗೆದ ಸರಾಸರಿ, ಕಡಿಮೆ ಬಂದಷ್ಟೂ ಒಳ್ಳೆಯದು. ದೂರು ಒಂದೇ, ಈ ಶೇಕಡಾ ಎಂದರೇನೆಂದು ಆ್ಯಪ್ ಎಲ್ಲಿಯೂ ವಿವರಿಸುವುದಿಲ್ಲ.

ಹವಾಮಾನಕ್ಕೆ ನಾಲ್ಕು ನಕ್ಷತ್ರ. ರಾಶಿಫಲಕ್ಕೆ ಎರಡು, ಅವೂ ಚಿತ್ರಗಳಿಗೆ. ಅದನ್ನು ತೆಗೆದುಹಾಕಲು ಹೊರಟ ದಿನ ‘ಇಂದು ದೊಡ್ಡ ನಿರ್ಧಾರ ಬೇಡ’ ಎಂದಿತ್ತು. ಮರುದಿನ ತೆಗೆದೆ.