ಬಣ್ಣದ ಸ್ಪ್ಯಾನಿಷ್ ಕಾರ್ಡು: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ಸ್ಪ್ಯಾನಿಷ್ ಕಲಿಯೋಕೆ ಯಾರು ಬರ್ತಾರೆ ಅಂತ ನಮ್ಮ ಅಣ್ಣನೇ ನಕ್ಕಿದ್ದ. ಬರುತ್ತಾರೆ. ಸಂಜೆ ನಮ್ಮ ಮನೆ ಮಹಡಿ ಮೇಲೆ ಏಳು ಜನ ಕೂರುತ್ತಾರೆ. ಬೆಂಗಳೂರಿನ ಕಾಲ್ ಸೆಂಟರ್ ಕೆಲಸದ ಮೇಲೆ ಕಣ್ಣಿಟ್ಟ ಬಿ.ಕಾಂ ಹುಡುಗರು, ಎಂಜಿನಿಯರಿಂಗ್ ಓದುವ ಇಬ್ಬರು, ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್ತಿತೂತೊ ಸೆರ್ವಾಂತೆಸ್ ನಡೆಸುವ ಡೆಲೆ ಅನ್ನೋ ಸ್ಪ್ಯಾನಿಷ್ ಪರೀಕ್ಷೆಯ ಮೊದಲ ಹಂತ ಎ1 ಪಾಸು ಮಾಡಬೇಕು ಅಂತ ಹಟ ಹಿಡಿದಿರುವ ಒಬ್ಬ ಟೀಚರ್. ಇವರಿಗಾಗಿ ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಬಣ್ಣದ ಕಾರ್ಡಿನ ಎರಡು ಪೆಟ್ಟಿಗೆ ತರಿಸಿದೆ. ಒಂದೊಂದಕ್ಕೆ 1,400 ರೂಪಾಯಿ. ಕಂಪನಿ ಹೆಸರು ಹೇಳೋಲ್ಲ, ಇದೇ ಥರದವು ನಾಲ್ಕಾರು ಸಿಗುತ್ತವೆ.

ಕಾರ್ಡಿನ ಲೆಕ್ಕ ಇಷ್ಟೇ. ಸ್ಪ್ಯಾನಿಷ್ ಕ್ರಿಯಾಪದಗಳು ಮೂರು ಗುಂಪು. ಕೊನೆಯಲ್ಲಿ 'ಆರ್' ಬಂದರೆ ಕೆಂಪು, 'ಎರ್' ಬಂದರೆ ಹಸಿರು, 'ಇರ್' ಬಂದರೆ ನೀಲಿ. ಮಾತಾಡು ಅನ್ನೋ 'ಆಬ್ಲಾರ್' ಕೆಂಪು, ತಿನ್ನು ಅನ್ನೋ 'ಕೊಮೆರ್' ಹಸಿರು, ಬದುಕು ಅನ್ನೋ 'ಬಿಬಿರ್' ನೀಲಿ. ಮೊದಲ ತಿಂಗಳು ತುಂಬಾ ಚೆನ್ನಾಗಿ ನಡೆಯಿತು. ಕಾರ್ಡು ತೋರಿಸಿದರೆ ಸಾಕು, ಎಲ್ಲರೂ ಪಟಪಟ ಅಂತ ಗುಂಪು ಹೇಳುತ್ತಿದ್ದರು. ನಾನೂ ಖುಷಿಯಲ್ಲಿ ಐದು ಸ್ಟಾರ್ ಒತ್ತಿಬಿಟ್ಟೆ.

ತೊಡಕು ಶುರುವಾಗಿದ್ದು ಮಾತಾಡಿಸೋಕೆ ಹೋದಾಗ. ಬೆಣ್ಣೆದೋಸೆ ಹೋಟೆಲ್ ನಾಟಕ ಮಾಡಿಸುತ್ತಿದ್ದೆ. ಒಬ್ಬ ಮಾಣಿ, ಇಬ್ಬರು ಗಿರಾಕಿ. ಏನು ತಿಂತೀರಿ ಅಂತ ಮಾಣಿ ಕೇಳಿದ. ಗಿರಾಕಿ ಹುಡುಗ ಚಾವಣಿ ನೋಡುತ್ತಾ ನಿಂತ. "ಹಸಿರು ಅಂತ ಗೊತ್ತು ಮಿಸ್, ಬಾಲ ಬರ್ತಿಲ್ಲ" ಅಂದ.

ಅವನ ಮಾತು ಸರಿಯಾಗೇ ಇತ್ತು. ಹೋಟೆಲಲ್ಲಿ ಕೂತವನಿಗೆ ಗುಂಪು ಕಟ್ಟಿಕೊಂಡು ಏನಾಗಬೇಕು? ಯಾರು ತಿನ್ನೋದು ಅಂತ ಹೇಳೋಕೆ ಬರಬೇಕು. ಅದು ಇರೋದು ಬಾಲದಲ್ಲಿ, ಅಂದರೆ ಕ್ರಿಯಾಪದದ ಕೊನೆಯ ತುಂಡಲ್ಲಿ. ಕನ್ನಡದಲ್ಲೂ ಹಾಗೇ ಅಲ್ವಾ? ತಿಂತೀನಿ, ತಿಂತೀಯ, ತಿಂತೀವಿ. 'ನಾನು', 'ನೀನು' ಬಿಟ್ಟರೂ ಅರ್ಥ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಕೊಮೊ, ಕೊಮೆಸ್, ಕೊಮೆಮೊಸ್. ಅಲ್ಲೂ 'ನಾನು' ಬಿಡಬಹುದು. ಇಂಗ್ಲಿಷ್ ಮಾತಾಡೋರಿಗೆ ಇದು ಹೊಸದು, ನಮಗೆ ಹುಟ್ಟಿನಿಂದ ಬಂದಿದ್ದು. ಕಾರ್ಡು ಮಾಡಿದವರು ಇಂಗ್ಲಿಷಿನವರನ್ನು ಮನಸ್ಸಲ್ಲಿಟ್ಟುಕೊಂಡೇ ಮಾಡಿದ್ದಾರೆ.

ಹಾಗಾಗಿ ಸ್ಟೇಷನರಿ ಅಂಗಡಿಯಿಂದ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ ತಂದು ನಾನೇ ಕೂತೆ. 'ನಾನು' ಬಾಲಕ್ಕೆ ಕಿತ್ತಳೆ, 'ನೀನು' ಬಾಲಕ್ಕೆ ನೀಲಿ, 'ನಾವು' ಬಾಲಕ್ಕೆ ಗುಲಾಬಿ. ಗುಂಪು ಯಾವುದಾದರೂ ಇರಲಿ. ಆಬ್ಲೊ, ಕೊಮೊ, ಬಿಬೊ ಮೂರರ ಕೊನೆಯ 'ಒ'ಗೂ ಕಿತ್ತಳೆ. ಎರಡು ವಾರದಲ್ಲಿ ಆ ಹುಡುಗ ಚಾವಣಿ ನೋಡೋದು ಬಿಟ್ಟ.

ಕಂಪನಿಯವರ ಬಣ್ಣದಲ್ಲಿ ಇನ್ನೊಂದು ದೋಷ ಇದೆ. ವರ್ತಮಾನದಲ್ಲಿ ಹಸಿರಿಗೂ ನೀಲಿಗೂ ವ್ಯತ್ಯಾಸ ಬರೋದು 'ನಾವು', 'ನೀವೆಲ್ಲ' ಎರಡು ಕಡೆ ಮಾತ್ರ. ಎರಡನೇ ಪೆಟ್ಟಿಗೆಯಲ್ಲಿ ಭೂತಕಾಲ ಇದೆ. ಅಲ್ಲಿ ನಿಯಮ ತಪ್ಪದ ಕ್ರಿಯಾಪದಗಳಿಗೆ ಅದೂ ಇಲ್ಲ. ತಿಂದೆ ಅಂದರೆ ಕೊಮಿ, ಬದುಕಿದೆ ಅಂದರೆ ಬಿಬಿ. ಬಾಲ ಒಂದೇ, ಬಣ್ಣ ಮಾತ್ರ ಎರಡು! ಟೀಚರಮ್ಮ ಅರ್ಧ ಗಂಟೆ ಎರಡು ಕಾರ್ಡು ಪಕ್ಕಪಕ್ಕ ಇಟ್ಟುಕೊಂಡು ಇಲ್ಲದ ವ್ಯತ್ಯಾಸ ಹುಡುಕಿದರು ಪಾಪ.

ಒಬ್ಬ ಹುಡುಗ ಮೊದಲಿಂದಲೂ ಕೆಂಪು ಹಸಿರು ಅದಲುಬದಲು ಮಾಡುತ್ತಿದ್ದ. ಗಮನ ಕೊಡೋಲ್ಲ ಅಂತ ಎರಡು ಸಲ ಬೈದೆ. ಮೂರನೇ ಸಲ ಮೆಲ್ಲಗೆ "ಎರಡೂ ಒಂದೇ ಥರ ಕಾಣ್ತಾವಲ್ಲ ಮಿಸ್" ಅಂದ. ಅವನಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣೋದೇ ಇಲ್ಲ. ನನಗೆ ಆ ಯೋಚನೆಯೇ ಹೊಳೆದಿರಲಿಲ್ಲ, ಈಗಲೂ ನಾಚಿಕೆ ಆಗುತ್ತದೆ. ಇರೋ ಬರೋ ಬಣ್ಣದಲ್ಲಿ ಈ ಜೋಡಿಯನ್ನೇ ಆರಿಸಿ, ಕಾರ್ಡಿನ ಮೂಲೆಗೆ ಒಂದು ಗುರುತೂ ಹಾಕದೆ ಬಿಟ್ಟಿದ್ದಾರೆ. ಈಗ ಹಸಿರು ಕಾರ್ಡಿನ ಮೂಲೆಯೆಲ್ಲಾ ಕತ್ತರಿಸಿ ಇಟ್ಟಿದ್ದೇನೆ. ಜೆರಾಕ್ಸ್ ಮಾಡಿಸಿ ಮನೆಗೆ ಕೊಡೋಣ ಅಂದರೂ ಎಲ್ಲಾ ಬೂದಿ ಬಣ್ಣ.

ಒಳ್ಳೇದನ್ನೂ ಹೇಳಬೇಕು. ಸಾಧ್ಯವಾಗು ಅನ್ನೋ 'ಪೊದೆರ್' ಥರದ ಕ್ರಿಯಾಪದಗಳಿಗೆ ನಡುವಿನ ಸ್ವರ ಬದಲಾಗುತ್ತದೆ. ಪುಎದೊ, ಪುಎದೆಸ್, ಪುಎದೆ, ಆದರೆ 'ನಾವು' ಬಂದಾಗ ಪೊದೆಮೊಸ್. ಬದಲಾಗೋ ಮನೆಗಳಿಗೆಲ್ಲಾ ಹಳದಿ ಬಳಿದಿದ್ದಾರೆ. ಎಡಕ್ಕೆ ಮೂರು, ಬಲಕ್ಕೆ ಮೂರು ಮನೆಯ ಕೋಷ್ಟಕದಲ್ಲಿ ಆ ಹಳದಿ ಥೇಟ್ ಬೂಟಿನ ಆಕಾರ. ಒಂದು ಸಲ ನೋಡಿದವರು ಮರೆತಿದ್ದೇ ಇಲ್ಲ. ಇಡೀ ಪೆಟ್ಟಿಗೆಯಲ್ಲಿ ದುಡ್ಡಿಗೆ ಮೋಸ ಇಲ್ಲದ್ದು ಈ ಹದಿನಾರು ಕಾರ್ಡು. ಲ್ಯಾಮಿನೇಷನ್ನೂ ಗಟ್ಟಿ, ಬೆಣ್ಣೆ ಕೈಯಲ್ಲಿ ಮುಟ್ಟಿದರೂ ಒರೆಸಿದರೆ ಹೋಗುತ್ತದೆ.

ಇಷ್ಟವಾಗು ಅನ್ನೋ 'ಗುಸ್ತಾರ್'ಗೆ ಮಾತ್ರ ನೇರಳೆ ಕಾರ್ಡು, ಹಿಂದೆ ಉದ್ದದ ಇಂಗ್ಲಿಷ್ ವಿವರಣೆ. ಅದನ್ನು ಓದಿದ ದಿನ ಎಲ್ಲರ ತಲೆ ಕೆಟ್ಟಿತು. ನಾನು ಕಾರ್ಡು ಮಗುಚಿಟ್ಟು, ನನಗೆ ದೋಸೆ ಇಷ್ಟ ಅನ್ನಿ ಅಂದೆ. ಮೆ ಗುಸ್ತಾ ಲಾ ದೋಸಾ. 'ಮೆ' ಅಂದರೆ ನಮ್ಮ 'ನನಗೆ'. ಪಾಠ ಮುಗಿಯಿತು, ಮಂಡಕ್ಕಿ ಮಿರ್ಚಿ ತರಿಸಿದೆವು.

ಈಗ ಕಲಿಯೋಕೆ ಬಂದವರಿಗೆ ಮೂರನೇ ತಿಂಗಳು ಬಂದ ಕೂಡಲೇ ಕಾರ್ಡು ಕಪಾಟಿಗೆ ಹೋಗುತ್ತದೆ. ನನ್ನ ಸ್ಕೆಚ್ ಪೆನ್ ಶೀಟೂ ಅಷ್ಟೇ. ಅಲ್ಲಿಂದ ಮುಂದೆ ಕಪ್ಪು ಶಾಯಿ, ಬಾಯಿಮಾತು. ಹಾಗೆ ತೆಗೆದಿಡದಿದ್ದರೆ ಹುಡುಗರು ಮಾತಿನ ಮಧ್ಯೆ ಕಣ್ಣು ಮುಚ್ಚಿ ಬಣ್ಣ ಹುಡುಕುತ್ತಾರೆ.

ಐದು ಸ್ಟಾರನ್ನು ಮೂರಕ್ಕೆ ಇಳಿಸಿದ್ದೇನೆ. ಮೊದಲ ಪೆಟ್ಟಿಗೆ ಬೇಕಾದರೆ ಕೊಳ್ಳಿ, ಜೊತೆಗೆ ಒಂದು ಡಬ್ಬಿ ಸ್ಕೆಚ್ ಪೆನ್. ಎರಡನೇ ಪೆಟ್ಟಿಗೆ ಬೇಡ. ನನ್ನದು ಹೊಸದರಂತೇ ಇದೆ, ಊರಲ್ಲಿ ಯಾರಾದರೂ ಕೇಳಿದರೆ ಅರ್ಧ ಬೆಲೆಗೆ ಕೊಡುತ್ತೇನೆ.