ನೆನೆಸಿದ ಓಟ್ಸ್ ಗಂಜಿಗೆ ಯಾವ ಓಟ್ಸ್ ಒಳ್ಳೆಯದು?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನುವ ಗಂಜಿಗೆ ಸಾದಾ ರೋಲ್ಡ್ ಓಟ್ಸ್ ಕೊಳ್ಳಿ. ಅದರಲ್ಲೂ ದಪ್ಪ ಬಿಲ್ಲೆಯದು ಸಿಕ್ಕರೆ ಬಿಡಬೇಡಿ. ಬೆಳಿಗ್ಗೆ ಒಲೆ ಮುಂದೆ ಸ್ವಲ್ಪ ಹೊತ್ತು ನಿಲ್ಲುವ ಪುರುಸೊತ್ತು ಇದ್ದರೆ ಸ್ಟೀಲ್ ಕಟ್ ಓಟ್ಸ್ ಇನ್ನೂ ರುಚಿ. ಇನ್‌ಸ್ಟಂಟ್ ಓಟ್ಸ್ ಮಾತ್ರ ನೆನೆಸುವ ಕೆಲಸಕ್ಕೆ ಬರುವುದಿಲ್ಲ.

ನಾನು ಬೆಳಗಿನ ಪಾಳಿಗೆ ಹೋಗುವವಳು. ಏಳುವ ಹೊತ್ತಿಗೆ ತಿಂಡಿ ಅರ್ಧ ತಯಾರಾಗಿರಬೇಕು. ನಮ್ಮ ಅತ್ತೆಯವರು ಹಲ್ಲುಸೆಟ್ ಹಾಕಿಕೊಳ್ಳುತ್ತಾರೆ, ಅವರಿಗೆ ಮೆತ್ತಗಿರಬೇಕು. ಮಗನಿಗೆ ಲೋಳೆ ಲೋಳೆಯಾದರೆ ಬಟ್ಟಲು ಮುಟ್ಟುವುದಿಲ್ಲ. ಹಾಗಾಗಿ ಮೂರೂ ಬಗೆಯ ಓಟ್ಸ್ ನಮ್ಮ ಅಡುಗೆಮನೆಯಲ್ಲಿ ಬಂದು ಹೋಗಿವೆ. ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡ್‌ದಲ್ಲ, ಆ ಮೂರು ಬಗೆಗಳದ್ದು. ಏಕೆಂದರೆ ಗಂಜಿಯ ಹದವನ್ನು ನಿರ್ಧರಿಸುವುದು ಪೊಟ್ಟಣದ ಮೇಲಿನ ಹೆಸರಲ್ಲ, ಒಳಗಿರುವ ಕಾಳನ್ನು ಹೇಗೆ ಕತ್ತರಿಸಿದ್ದಾರೆ, ಎಷ್ಟು ತೆಳುವಾಗಿ ಒತ್ತಿದ್ದಾರೆ ಅನ್ನುವುದು.

ಕಾಳು ಮೂರಕ್ಕೂ ಒಂದೇ. ಸಿಪ್ಪೆ ತೆಗೆದ ಓಟ್ಸ್ ಕಾಳನ್ನು ಉಕ್ಕಿನ ಬ್ಲೇಡಿನಿಂದ ಎರಡು ಮೂರು ತುಂಡು ಮಾಡಿದರೆ ಸ್ಟೀಲ್ ಕಟ್. ಇಡೀ ಕಾಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ರೋಲರ್ ನಡುವೆ ಒತ್ತಿದರೆ ರೋಲ್ಡ್. ಮೊದಲೇ ಬೇಯಿಸಿ, ಇನ್ನೂ ತೆಳುವಾಗಿ ಒತ್ತಿ ಒಣಗಿಸಿದರೆ ಇನ್‌ಸ್ಟಂಟ್. ಇವುಗಳ ನಡುವೆ ಕ್ವಿಕ್ ಓಟ್ಸ್ ಅಂತ ಇನ್ನೊಂದು ಬರುತ್ತದೆ. ಕಾಳನ್ನು ತುಂಡು ಮಾಡಿ ತೆಳುವಾಗಿ ಒತ್ತಿರುತ್ತಾರೆ. ತುರ್ತಿಗೆ ಪರವಾಗಿಲ್ಲ.

'ಬೇಯಿಸದೆ ತಿನ್ನಬಹುದಾ?' ಅಂತ ತುಂಬಾ ಜನ ಕೇಳುತ್ತಾರೆ. ರೋಲ್ಡ್ ಓಟ್ಸನ್ನು ತಿನ್ನಬಹುದು. ಓಟ್ಸ್‌ನಲ್ಲಿ ಬೇರೆ ಧಾನ್ಯಗಳಿಗಿಂತ ಕೊಬ್ಬು ಜಾಸ್ತಿ. ಆ ಕೊಬ್ಬನ್ನು ಒಡೆಯುವ ಕಿಣ್ವವೂ ಕಾಳಿನಲ್ಲೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಸ್ವಲ್ಪ ದಿನದಲ್ಲೇ ಕಮಟು ವಾಸನೆ, ಕಹಿ ರುಚಿ ಬರುತ್ತದೆ. ಅದಕ್ಕೇ ಗಿರಣಿಯಲ್ಲೇ ಹಬೆ ಕೊಟ್ಟು ಆ ಕಿಣ್ವದ ಕೆಲಸ ನಿಲ್ಲಿಸುತ್ತಾರೆ. ಅಂದರೆ ನಮ್ಮ ಕೈಗೆ ಬರುವ ಬಿಲ್ಲೆ ಒಂದು ಸುತ್ತು ಬಿಸಿ ಕಂಡೇ ಬಂದಿರುತ್ತದೆ. ಪೊಟ್ಟಣ ತೆರೆದ ತಕ್ಷಣ ಮೂಗಿನ ಹತ್ತಿರ ಹಿಡಿದು ನೋಡಿ. ಹುರಿದ ಕಾಳಿನ ನಸುವಾಸನೆ ಬಂದರೆ ಸರಿ. ಹಳೇ ಎಣ್ಣೆಯ ವಾಸನೆ ಬಂದರೆ ವಾಪಸ್ ಕೊಡಿ, ಹಾಲು ಬೆಲ್ಲ ಏನು ಹಾಕಿದರೂ ಆ ಕಹಿ ಮುಚ್ಚುವುದಿಲ್ಲ.

ಈಗ ರೋಲ್ಡ್ ಓಟ್ಸ್ ವಿಷಯ. ಒಬ್ಬರಿಗೆ 40 ಗ್ರಾಂ, ಅಂದರೆ ಸುಮಾರು ಅರ್ಧ ಕಪ್. ಅದಕ್ಕೆ ಮುಕ್ಕಾಲು ಕಪ್ ಹಾಲು ಅಥವಾ ಅರ್ಧ ಹಾಲು ಅರ್ಧ ನೀರು, ಎರಡು ಚಮಚ ಮೊಸರು, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ. ಸಿಹಿ ಗಂಜಿಗೆ ಉಪ್ಪು ಯಾಕೆ ಅನ್ನಿಸಬಹುದು, ಆದರೆ ಅದಿಲ್ಲದಿದ್ದರೆ ಓಟ್ಸ್ ಸಪ್ಪೆ, ಅದರ ಸ್ವಂತ ರುಚಿ ಮೇಲಕ್ಕೆ ಬರುವುದೇ ಇಲ್ಲ. ಅಗಲ ಬಾಯಿಯ ಗಾಜಿನ ಬಾಟಲಿಗೆ ಹಾಕಿ ತಳದಿಂದ ಚೆನ್ನಾಗಿ ಕಲಸಬೇಕು. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಈ ಎರಡನೇ ಕಲಸುವಿಕೆಯಲ್ಲೇ ಎಲ್ಲ ಇದೆ. ಬಿಲ್ಲೆಗಳು ಮೊದಲು ತೇಲುತ್ತವೆ, ಮೇಲಿನವು ಒಣಗಿಯೇ ಉಳಿಯುತ್ತವೆ. ಎರಡನೇ ಸಲ ಕಲಸುವಾಗ ಚಮಚಕ್ಕೆ ಸ್ವಲ್ಪ ತಡೆ ಸಿಗುತ್ತದೆ, ಹಾಲು ದಪ್ಪಗಾಗಲು ಶುರುವಾಗಿದೆ ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿ ಇಡಿ.

ಬೆಳಿಗ್ಗೆ ಮುಚ್ಚಳ ತೆಗೆದಾಗ ಮೇಲೆ ಹಾಲು ನಿಂತಿರುವುದಿಲ್ಲ, ಎಲ್ಲವನ್ನೂ ಬಿಲ್ಲೆ ಹೀರಿರುತ್ತದೆ. ಚಮಚ ಹಾಕಿದರೆ ಕೆನೆಯಂತೆ ಬರುತ್ತದೆ, ಆದರೆ ಒಂದೊಂದು ಬಿಲ್ಲೆಯ ಅಂಚೂ ಬೇರೆಯಾಗಿ ಕಾಣುತ್ತದೆ. ನಾಲಿಗೆಗೆ ಮೆತ್ತಗೆ, ಹಲ್ಲಿಗೆ ಸ್ವಲ್ಪ ಕೆಲಸ. ಇದೇ ನನಗೆ ಬೇಕಾದ ಹದ. ಅತ್ತೆಯವರಿಗೆ ತಣ್ಣಗಿನದು ಆಗುವುದಿಲ್ಲ. ಅವರ ಪಾಲನ್ನು ಸಣ್ಣ ಪಾತ್ರೆಗೆ ಹಾಕಿ, ಕಾಲು ಕಪ್ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ತಿರುಗಿಸುತ್ತೇನೆ. ನೆನೆದಿರುವುದರಿಂದ ಅಷ್ಟರಲ್ಲೇ ಬೆಂದು ಗಂಜಿಯಾಗುತ್ತದೆ. ಮೊಸರು ಹಾಕಿದ್ದನ್ನು ಬಿಸಿ ಮಾಡಿದರೆ ಒಡೆಯಬಹುದು, ಆದ್ದರಿಂದ ಬಿಸಿ ಮಾಡುವ ಪಾಲಿಗೆ ಮೊಸರು ಬೇಡ.

ಸ್ಟೀಲ್ ಕಟ್ ಬಗ್ಗೆ ಹೇಳಬೇಕೆಂದರೆ, ರುಚಿಯಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಕಾಳಿನ ಹೊರಗೆ ಮೆತ್ತಗಿನ ಪದರ, ನಡುವೆ ಸಣ್ಣದೊಂದು ಗಟ್ಟಿ. ಕಚ್ಚಿದಾಗ ಅದು ಪಟ್ಟನೆ ಬಿಡುತ್ತದೆ. ಅತ್ತೆಯವರು ಮೊದಲ ಸಲ ತಿಂದಾಗ, 'ಇದು ಬಾಯಲ್ಲಿ ನಿಲ್ಲುತ್ತಮ್ಮ, ಅದು ಸುಮ್ನೆ ಜಾರಿ ಹೋಗ್ತಿತ್ತು' ಅಂದರು. ಅದು ಅಂದರೆ ಇನ್‌ಸ್ಟಂಟ್. ಹಲ್ಲುಸೆಟ್ ಇರುವವರ ಬಾಯಿಂದ ಬಂದ ಮಾತಿದು, ಹಾಗಾಗಿ ನನಗೆ ಇದರ ಮೇಲೆ ಗೌರವ ಜಾಸ್ತಿ. ಆದರೆ ನೆನೆಸಿ ಹಾಗೇ ತಿನ್ನಲು ಇದು ಒಗ್ಗುವುದಿಲ್ಲ. ರಾತ್ರಿಯೆಲ್ಲ ನೆನೆದರೂ ನಡುಭಾಗ ಹಿಟ್ಟು ಹಿಟ್ಟಾಗಿ, ಅಗಿದಷ್ಟೂ ಮುಗಿಯದ ಹಾಗಿರುತ್ತದೆ. ಒಲೆ ಬೇಕೇ ಬೇಕು. ನೆನೆಸದಿದ್ದರೆ 25ರಿಂದ 30 ನಿಮಿಷ, ನೆನೆಸಿದ್ದರೆ 10ರಿಂದ 12 ನಿಮಿಷ. ಕಾಲು ಕಪ್ ಸ್ಟೀಲ್ ಕಟ್‌ಗೆ ಮುಕ್ಕಾಲು ಕಪ್ ನೀರು ಹಾಕಿ ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಅದೇ ನೀರಿನ ಜೊತೆ ಬೇಯಿಸಿ, ಕೊನೆಯಲ್ಲಿ ಹಾಲು ಸೇರಿಸುವುದು ನನ್ನ ಕ್ರಮ. ಪಾತ್ರೆ ದೊಡ್ಡದಿರಲಿ, ಇದು ಹಾಲಿನಷ್ಟೇ ಬೇಗ ಉಕ್ಕುತ್ತದೆ. ಅಳತೆ ನೋಡಿಕೊಳ್ಳಿ: ಕಾಲು ಕಪ್ ಸ್ಟೀಲ್ ಕಟ್ ಅಂದರೆ ಆಗಲೇ 40 ಗ್ರಾಂ ಆಸುಪಾಸು. ರೋಲ್ಡ್‌ನಂತೆ ಅರ್ಧ ಕಪ್ ಸುರಿದರೆ ಇಬ್ಬರ ಗಂಜಿ ಆಗುತ್ತದೆ.

ಇನ್‌ಸ್ಟಂಟ್‌ಗೆ ಹೆಚ್ಚು ಜಾಗ ಕೊಡುವುದಿಲ್ಲ. ಬಿಸಿನೀರು ಹಾಕಿ ಎರಡು ನಿಮಿಷದಲ್ಲಿ ತಿನ್ನಲೆಂದೇ ಮಾಡಿದ್ದು ಅದು. ರಾತ್ರಿಯಿಡೀ ನೆನೆಸಿದರೆ ಬಿಲ್ಲೆಯೇ ಕರಗಿ ಅಂಟಾಗುತ್ತದೆ. ಮಗ ಚಮಚ ಎತ್ತಿ, ಅದರಿಂದ ಎಳೆಯೆಳೆಯಾಗಿ ಇಳಿಯುವುದನ್ನು ನೋಡಿ ಬಟ್ಟಲು ದೂರ ತಳ್ಳಿದ. ತೆಳುವಾದಷ್ಟೂ ಬೇಗ ಜೀರ್ಣವಾಗುವುದರಿಂದ ರಕ್ತದ ಸಕ್ಕರೆಯೂ ಬೇಗ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ನಾವು ತಂದಿದ್ದ ಒಂದು ಹಣ್ಣಿನ ರುಚಿಯ ಪೊಟ್ಟಣದ ಹಿಂದೆ ಓದಿದರೆ ಓಟ್ಸ್ ಆದ ಮೇಲೆ ಎರಡನೆಯ ಹೆಸರೇ ಸಕ್ಕರೆ. ಆ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ. ಪೊಟ್ಟಣದ ಮುಂಭಾಗದ ಚಿತ್ರದಲ್ಲಿ ರಾಶಿ ಹಣ್ಣು, ಪಟ್ಟಿಯಲ್ಲಿ ಹಣ್ಣಿನ ಹೆಸರು ತೀರಾ ಕೊನೆಗೆ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಒಳ್ಳೆಯ ಓಟ್ಸ್ ಪೊಟ್ಟಣದ ಹಿಂದೆ ಒಂದೇ ಹೆಸರು ಇರಬೇಕು: ಓಟ್ಸ್.

ನೆನೆಸಿದರೆ ಕಬ್ಬಿಣದಂಥ ಖನಿಜಗಳು ಮೈಗೆ ಹತ್ತದಂತೆ ತಡೆಯುವ ಫೈಟಿಕ್ ಆಮ್ಲ ಹೋಗುತ್ತದೆ, ಅದಕ್ಕೇ ನೆನೆಸಬೇಕು ಅಂತ ಹೇಳುವವರಿದ್ದಾರೆ. ಬೇರೆ ಕೆಲವು ಧಾನ್ಯಗಳಿಗೆ ಈ ಮಾತು ಹೊಂದುತ್ತದೆ, ಓಟ್ಸ್‌ಗೆ ಅಷ್ಟಾಗಿ ಅಲ್ಲ. ಆ ಆಮ್ಲವನ್ನು ಒಡೆಯುವ ಫೈಟೇಸ್ ಕಿಣ್ವ ಓಟ್ಸ್‌ನಲ್ಲಿ ಮೊದಲೇ ಕಡಿಮೆ, ಇದ್ದದ್ದೂ ಹಬೆಯಲ್ಲಿ ಹಾಳಾಗಿರುತ್ತದೆ. ಒಂದು ರಾತ್ರಿ ನೀರಿನಲ್ಲಿಟ್ಟ ಮಾತ್ರಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ನೆನೆಸುವುದು ಹದಕ್ಕಾಗಿ, ಸಮಯಕ್ಕಾಗಿ. ಅಷ್ಟು ಸಾಕಲ್ವಾ? ಓಟ್ಸ್‌ನ ನಿಜವಾದ ಲಾಭ ಅದರಲ್ಲಿರುವ ಬೀಟಾ ಗ್ಲೂಕನ್ ಅನ್ನುವ ನಾರು. ಗಂಜಿ ದಪ್ಪಗಾಗುವುದಕ್ಕೆ ಅದೂ ಒಂದು ಕಾರಣ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್, ಜೊತೆಗೆ ಸ್ಯಾಚುರೇಟೆಡ್ ಕೊಬ್ಬು, ಕೊಲೆಸ್ಟ್ರಾಲ್ ಕಡಿಮೆ ಇರುವ ಊಟ ಇದ್ದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಅಂತ ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿದೆ. 40 ಗ್ರಾಂ ಓಟ್ಸ್‌ನಲ್ಲಿ ಸುಮಾರು 1.5ರಿಂದ 2 ಗ್ರಾಂ ಸಿಗುತ್ತದೆ. ಒಂದು ಬಟ್ಟಲಿಗೆ ಒಳ್ಳೆಯ ಪಾಲೇ.

ಮೇಲೆ ಏನು ಹಾಕಬೇಕು ಅನ್ನುವುದಕ್ಕೆ ನನಗೆ ದಾರಿ ತೋರಿಸಿದ್ದು ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್. 1900ರ ಸುಮಾರಿಗೆ ಅವರು ತಮ್ಮ ರೋಗಿಗಳಿಗೆ ಕೊಡುತ್ತಿದ್ದ ಬಟ್ಟಲಿನಲ್ಲಿ ಓಟ್ಸ್ ಬರೀ ಒಂದು ಚಮಚ, ಅದೂ ನೀರಿನಲ್ಲಿ ನೆನೆಸಿದ್ದು. ಉಳಿದದ್ದು ತುರಿದ ಸೇಬು, ನಿಂಬೆರಸ, ಬೀಜಗಳು, ಸ್ವಲ್ಪ ಕಂಡೆನ್ಸ್ಡ್ ಹಾಲು. ನಾನು ಓಟ್ಸ್ ಕಡಿಮೆ ಮಾಡಿಲ್ಲ, ಹಸಿವೆಗೆ ಅದು ಬೇಕು. ಆದರೆ ಸೇಬನ್ನು ಸಿಪ್ಪೆ ಸಮೇತ ಬೆಳಿಗ್ಗೆಯೇ ತುರಿದು ನಿಂಬೆ ಹಿಂಡುವುದನ್ನು ಅವರಿಂದ ತೆಗೆದುಕೊಂಡೆ. ನಿಂಬೆಯಿಂದ ಸೇಬು ಕಪ್ಪಾಗುವುದಿಲ್ಲ, ಓಟ್ಸ್‌ನಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಬಾಳೆಹಣ್ಣನ್ನು ರಾತ್ರಿಯೇ ಹಾಕಬೇಡಿ, ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಾದಾಮಿ, ವಾಲ್‌ನಟ್ ಕೂಡ ಬೆಳಿಗ್ಗೆಯೇ, ಇಲ್ಲದಿದ್ದರೆ ಗರಿಗರಿ ಹೋಗುತ್ತದೆ. ಒಣದ್ರಾಕ್ಷಿಯನ್ನು ಮಾತ್ರ ರಾತ್ರಿಯೇ ಸೇರಿಸಿ. ಅದು ಉಬ್ಬಿ ತನ್ನ ಸಿಹಿ ಹಾಲಿಗೆ ಬಿಡುತ್ತದೆ, ಬೇರೆ ಸಕ್ಕರೆ ಬೇಕಾಗುವುದಿಲ್ಲ.

ಗೋಧಿ, ಬಾರ್ಲಿಯಲ್ಲಿರುವ ಗ್ಲೂಟೆನ್ ಅನ್ನುವ ಪ್ರೋಟೀನ್ ಒಗ್ಗದವರು ಯಾವ ಬಗೆ ಕೊಂಡರೂ 'ಗ್ಲೂಟೆನ್ ಫ್ರೀ' ಅಂತ ಬರೆದದ್ದನ್ನೇ ಕೊಳ್ಳಿ. ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಬೆರೆಯುವುದು ಸಾಮಾನ್ಯ. ಸೀಲಿಯಾಕ್, ಅಂದರೆ ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ, ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಆಗುವುದಿಲ್ಲ, ಅವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ನಾನು ಸದ್ಯಕ್ಕೆ ಎರಡು ಡಬ್ಬಿ ಇಟ್ಟುಕೊಂಡಿದ್ದೇನೆ. ಪಾಳಿಯ ದಿನಗಳಿಗೆ ದಪ್ಪ ರೋಲ್ಡ್, ರಜೆಯ ದಿನಕ್ಕೆ ಸ್ಟೀಲ್ ಕಟ್. ಎರಡೂ ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ. ನೆನೆಸಿದ ರೋಲ್ಡ್ ಓಟ್ಸ್ ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ, ಹಾಗಾಗಿ ಒಟ್ಟಿಗೆ ಎರಡು ಮೂರು ಬಾಟಲಿ ಮಾಡಿಡುತ್ತೇನೆ. ಮೂರನೇ ದಿನದ್ದು ಸ್ವಲ್ಪ ಜಾಸ್ತಿ ಮೆತ್ತಗಾಗಿರುತ್ತದೆ. ಅದು ಅತ್ತೆಯವರಿಗೆ.