ಮರಳಲ್ಲಿ ಅಗೆಯೋದಾ, ಹಲ್ಲು ಮುಟ್ಟಿ ನೋಡೋದಾ?

ಮೂರು-ನಾಲ್ಕು ವರ್ಷದ ಮಕ್ಕಳಿಗೆ ಮ್ಯೂಸಿಯಂಗಳ ಡೈನೋಸಾರ್ ವಿಭಾಗದಲ್ಲಿ ಹೆಚ್ಚಾಗಿ ಸಿಗುವುದು ಎರಡು ಚಟುವಟಿಕೆ. ಮರಳಿನ ಗುಂಡಿಯಲ್ಲಿ ಮೂಳೆ ಹುಡುಕೋದು, ಇಲ್ಲವೇ ಪಳೆಯುಳಿಕೆಯ ಅಚ್ಚುಗಳನ್ನು ಮುಟ್ಟಿ ನೋಡೋದು.

ಮರಳಲ್ಲಿ ಬ್ರಷ್ ಹಿಡಿದು ಕೂತ ಮಗು ಏಳೋದೇ ಇಲ್ಲ. ಸರದಿ ಕಾಯೋದು ಕಲಿಯುತ್ತೆ, ಕೈಗೂ ಕೆಲಸ. ಆದರೆ ಎಷ್ಟೋ ಮಕ್ಕಳಿಗೆ ಅದು ಸುಮ್ನೆ ಮರಳಾಟ. ನಿಜವಾದ ಪಳೆಯುಳಿಕೆ ಹೆಚ್ಚಾಗಿ ಕಲ್ಲಿನೊಳಗೆ ಇರುತ್ತೆ, ಇಷ್ಟು ಸುಲಭವಾಗಿ ಸಿಗಲ್ಲ.

ನನ್ನ ಓಟು ಮುಟ್ಟಿ ನೋಡೋದಕ್ಕೆ. ಮಾಂಸ ತಿನ್ನುವ ಡೈನೋಸಾರ್ ಟಿ. ರೆಕ್ಸ್‌ನ ದೊಡ್ಡ ಹಲ್ಲು ಬೇರೂ ಸೇರಿ ಸುಮಾರು 30 ಸೆಂ.ಮೀ. ಬರುತ್ತೆ, ಅದರ ಅಚ್ಚನ್ನು ಮಗುವಿನ ಮೊಣಕೈಯಿಂದ ಬೆರಳ ತುದಿವರೆಗೆ ಇಟ್ಟು, ಅಂಚಿನ ಗರಗಸದಂಥ ಹಲ್ಲುಗಳ ಮೇಲೆ ಬೆರಳು ಆಡಿಸಿ, ಪಕ್ಕದಲ್ಲೇ ಎಲೆ ತಿನ್ನುವ ಡೈನೋಸಾರ್‌ನ ಪುಟ್ಟ ಹಲ್ಲು ಇಟ್ಟು 'ಮಾಂಸ ತಿನ್ನೋದು ಯಾವುದು?' ಅಂತ ಕೇಳಿದರೆ ಉತ್ತರ ತಾನಾಗೇ ಬರುತ್ತೆ. (6.6 ಕೋಟಿ ವರ್ಷದ ಕಥೆ ಈ ವಯಸ್ಸಿಗೆ ಬೇಡ, 'ತುಂಬಾ ಹಿಂದೆ' ಸಾಕು ಅಲ್ವಾ?)

ಒಂದೇ ತೊಂದರೆ. ಜೊತೆಗೆ ಮಾತಾಡೋ ದೊಡ್ಡವರು ಇಲ್ಲದಿದ್ದರೆ ಮಗು ಎರಡೇ ನಿಮಿಷದಲ್ಲಿ ಓಡಿಹೋಗುತ್ತೆ. ಕೂರಲಾರದ ಮಗುವಾದರೆ ಮೊದಲು ಮರಳಿಗೇ ಬಿಡಿ.